ಹೆಸರು ಬಿಚ್ಚುವ ತಿಂಗಳು

ಮಾರ್ಚ್. ಈರಿ ಸರೋವರದ ಹಿಮಗಡ್ಡೆ ಇನ್ನೂ ಹಟ ಬಿಟ್ಟಿಲ್ಲ.
ಸ್ಟೇಡಿಯಮ್ಮಿನ ನೆಲಮಾಳಿಗೆಯಲ್ಲಿ ನಾನು,
ನನಗಿಂತ ನಾಲ್ಕೇ ವರ್ಷ ಚಿಕ್ಕದಾದ ಹೊಲಿಗೆ ಯಂತ್ರ,
ಕೊಳವೆಯೊಳಗೆ ಗೊಣಗುತ್ತ ಹೋಗುವ ಬಿಸಿನೀರು.
ಮೇಜಿನ ಮೇಲೆ ಎಪ್ಪತ್ತೊಂದನೇ ನಂಬರಿನ ಜೆರ್ಸಿ
ಬೋರಲು ಮಲಗಿದ ಗಂಡಸಿನ ಹಾಗೆ.

ಹೆಸರು ಹೊಲಿಯಲು ಹನ್ನೊಂದು ನಿಮಿಷ.
ಬಿಚ್ಚಲು ಅರ್ಧ ಗಂಟೆ ಬೇಕು.
ಒಂದೊಂದೇ ಹೊಲಿಗೆಯ ಕೊರಳಿಗೆ ತುದಿ ತಾಗಿಸಿ
ಮುಳ್ಳು ತೆಗೆದ ಹಾಗೆ ಎತ್ತಬೇಕು, ಬಟ್ಟೆಗೆ ಗೊತ್ತಾಗಬಾರದು.
ಟ್ರೂಸ್‌ಡೇಲ್. ಆರು ವರ್ಷ ಇಲ್ಲಿದ್ದ,
ಎಡಮಂಡಿಗೆ ಎರಡು ಸಲ ಕತ್ತರಿ.
ಮಗಳ ಶಾಲೆಯ ನಾಟಕದ ಹಿಂದಿನ ದಿನ
ಇದೇ ಬಾಗಿಲಲ್ಲಿ ನಿಂತಿದ್ದ, ನೂರ ನಲವತ್ತು ಕಿಲೋ ಆಳು,
ಎರಡು ಬೆರಳ ನಡುವೆ ಹರಿದ ಚಿಟ್ಟೆರೆಕ್ಕೆ ಹಿಡಿದು,
ಉಸಿರಾಡಿದರೆ ಇನ್ನಷ್ಟು ಹರಿದೀತೆಂಬಂತೆ.

ಮೇಲೆ, ಕತ್ತಲ ಕೋಣೆಯಲ್ಲಿ, ಕೋಚ್ ಹಾಲ್ವರ್‌ಸನ್
ಡಿಸೆಂಬರಿನ ಆ ಕೊನೆಯ ಒದೆತ ನೋಡುತ್ತಲೇ ಇದ್ದಾರೆ.
ಚೆಂಡು ಕಂಬಕ್ಕೆ ಬಡಿದು ವಾಪಸು. ಹಿಂದಕ್ಕೆ ತಿರುಗಿಸು. ಮತ್ತೆ ಕಂಬ.
ಕಾಫಿ ಕೊಡಲು ಹೋದಾಗ ಕಂಡೆ:
ಈ ಸಲ ಒಳಗೆ ಹೋದರೂ ಹೋದೀತು ಎಂಬ ಮುಖ.
ಹುಲ್ಲಿನ ಮೇಸ್ತ್ರಿ ಬೋಡೀನನಿಗೆ ಈ ವ್ರತವೆಲ್ಲ ಇಲ್ಲ.
ಮೈದಾನದ ಮಣ್ಣಿಗೆ ಉಷ್ಣಮಾಪಕ ಚುಚ್ಚಿ
ಜ್ವರದ ಮಗುವಿನ ತಾಯಿಯ ಹಾಗೆ ಕಾಯುತ್ತಾನೆ.
"ಸೋತದ್ದು ನೀವು, ನನ್ನ ಹುಲ್ಲಲ್ಲ" ಅನ್ನುತ್ತಾನೆ.

ಹೆಲ್ಮೆಟ್ಟುಗಳು ರಿಪೇರಿಗೆ ಹೋಗಿವೆ, ಪೆಟ್ಟಿಗೆಗೆ ಹದಿನೆಂಟರಂತೆ.
ಹೋಗುವ ಮುನ್ನ ನೋಡಬೇಕಿತ್ತು ಅವನ್ನು:
ಹಣೆಯ ಮೇಲೆಲ್ಲ ಎದುರಾಳಿಗಳ ಬಣ್ಣ,
ಒಂದು ಗೀರು ನೀಲಿ, ಒಂದು ಕಿತ್ತಳೆ, ಯಾವ ಊರಿನದೋ ಹಸಿರು.
ತಿರುಗಿ ಬರುವಾಗ ಬೋಳು ಬಿಳಿ,
ಯಾರಿಗೂ ಎಂದೂ ಡಿಕ್ಕಿ ಹೊಡೆಯದವರ ಹಾಗೆ.
ಆ ಬಣ್ಣ ಒರೆಸುವವನನ್ನು ಒಮ್ಮೆ ಕಾಣಬೇಕು.

ನನ್ನಮ್ಮ ಪೋಲೆಂಡಿನಿಂದ ಬಂದಿಳಿದ ವರ್ಷ ನಕ್ಕಿದ್ದಳಂತೆ:
ಕಾಲು ತಾಗಿಸುವುದೇ ಅಪರೂಪ, ಹೆಸರು ಮಾತ್ರ ಫುಟ್‌ಬಾಲು!
ಆಮೇಲೆ ಮೂವತ್ತು ವರ್ಷ ಈ ಯಂತ್ರ ತುಳಿದಳು;
ಇಡೀ ತಂಡದಲ್ಲಿ ದಿನವಿಡೀ ಕಾಲಾಡಿಸಿದವಳು ಅವಳೊಬ್ಬಳೇ.
ಬಿಸ್ಕತ್ತಿನ ತಗಡಿನ ಡಬ್ಬಿ ಅವಳದ್ದು.
ಬಿಚ್ಚಿದ ಅಕ್ಷರಗಳು ಅದರೊಳಗೆ:
ಮಾರಾಟವಾದವರು, ಮುರಿದುಬಿದ್ದವರು,
"ನಾಳೆಯಿಂದ ಬರಬೇಡ" ಎನಿಸಿಕೊಂಡವರು,
ಎಲ್ಲರ ಇ-ಗಳೂ ಒಂದೇ ಕಡೆ, ಗುರುತು ಸಿಗದಂತೆ.

ಏಪ್ರಿಲ್ ಕೊನೆಗೆ ಚೀಟಿ ಬಂತು: ಎಪ್ಪತ್ತೊಂದು, ಒನ್ಯೆಕ್ವೆಲು.
ಹೂಸ್ಟನ್ನಿನ ಹುಡುಗ, ಇಪ್ಪತ್ತೆರಡು.
ಡಬ್ಬಿಯಿಂದ ಒಂದು ಯು, ಒಂದು ಎಲ್, ಎರಡು ಇ;
ಉಳಿದದ್ದು ಹೊಸದಾಗಿ ಕತ್ತರಿಸಿದೆ.
ಅವನೇ ಇಳಿದು ಬಂದ, ಬಾಗಿಲಿಗೆ ತಲೆ ತಗ್ಗಿಸಿ:
"ಮ್ಯಾಮ್, ಶಾಲೆಯಲ್ಲಿ ಯಾರೂ ಇದನ್ನು ಸರಿಯಾಗಿ ಬರೆದದ್ದೇ ಇಲ್ಲ."
ಅಕ್ಷರಗಳ ಮೇಲೆ ಬೆರಳಾಡಿಸಿದ, ಒಂದೊಂದೇ ಓದಿ.
ಅಂಚಿನ ಹಳೆಯ ಸೂಜಿತೂತುಗಳ ಮೇಲೆ ಬೆರಳು ನಿಂತಿತು.
"ಇದರೊಳಗೆ ಮೊದಲು ಯಾರಿದ್ದರು?"
ಹೊಸ ಬಟ್ಟೆ, ಅಂದೆ.
ನಂಬಿದ ಹಾಗೆ ಮಾಡಿದ. ಯಾರೋ ಚೆನ್ನಾಗಿ ಬೆಳೆಸಿದ್ದಾರೆ.

ಜೂನಿನಲ್ಲಿ ಹಳಬರು ಬಂದರು, ರಜೆಯ ಹೊಟ್ಟೆ ಹೊತ್ತು.
ಸೊಂಟದಳತೆ ಕೇಳಿದರೆ ಹೋದ ವರ್ಷದ್ದನ್ನೇ ಹೇಳುತ್ತಾರೆ.
ಟೇಪು ಹಿಡಿದವಳ ಮುಂದೆ ಉಸಿರು ಬಿಗಿಹಿಡಿದರೆ ಆದೀತೇ?
ಎರಡಂಗುಲ ಬಿಟ್ಟು ಬರೆದೆ.

ಆಗಸ್ಟಿನ ಬಿಸಿಲಲ್ಲಿ ಈಗ ತೊಂಬತ್ತು ಜನ ಓಡುತ್ತಿದ್ದಾರೆ.
ಉಳಿಯುವುದು ಐವತ್ತಮೂರು.
ಅದಕ್ಕೇ ಅಮ್ಮ ಹೇಳಿಕೊಟ್ಟದ್ದು: ಹೊಸಬರಿಗೆ ಸಡಿಲ ಹೊಲಿಗೆ ಹಾಕು,
ನಾಳೆ ಬಿಚ್ಚುವವಳೂ ನೀನೇ.
ಇವನಿಗೆ ಎರಡೆಳೆ ದಾರ ಹಾಕಿದ್ದೇನೆ. ಯಾಕೆಂದು ಕೇಳಬೇಡಿ.

ನಿನ್ನೆ ಟ್ರೂಸ್‌ಡೇಲ್ ಫೋನು ಮಾಡಿದ್ದ.
ಮಂಡಿ ಹೇಗಿದೆ ಅಂದೆ. ಮಳೆ ಬರುವುದು ಮೊದಲೇ ತಿಳಿಯುತ್ತದೆ ಅಂದ.
ಮಗಳಿಗೆ ಈ ವರ್ಷ ಕಾಗೆಯ ಪಾತ್ರವಂತೆ,
ರೆಕ್ಕೆ ಕಪ್ಪಗಿರಬೇಕು, ದೊಡ್ಡದಿರಬೇಕು.
ಪೆನ್ಸಿಲ್ಲು ಸಿಗಲಿಲ್ಲ.
ಸೀಮೆಸುಣ್ಣದಲ್ಲಿ ಅಳತೆ ಬರೆದುಕೊಂಡೆ, ಮೇಜಿನ ಮೇಲೆಯೇ.