ಬೆರಳಿನಷ್ಟು ಜಾಗ

ಹೂಮಳೆ ಬಂದು ಎಂಟು ದಿನ.
ಕಿಟಕಿ ತೆರೆದರೆ ಕಾಫಿ ಹೂವಿನ ವಾಸನೆ ಎಷ್ಟು ದಟ್ಟವೆಂದರೆ
ಹಿಂದಿನ ಬೆಂಚಿನವರು ತಲೆನೋವೆಂದು ರಜೆ ಕೇಳುತ್ತಾರೆ.
ಮೂರನೆಯ ಪಿರಿಯಡ್, ಒಂಬತ್ತನೆಯ ಕ್ಲಾಸು,
ಹಲಗೆಯ ಮೇಲೆ ಎರಡು ಸಣ್ಣ ಪದ: ಗಿವ್ ವೇ.

ಬಿಡಿಸಿ ಓದಿದರೆ ಏನೂ ಕಷ್ಟವಿಲ್ಲ.
ಗಿವ್ ಅಂದರೆ ಕೊಡು. ವೇ ಅಂದರೆ ದಾರಿ.
ಕೂಡಿಸಿದಿರೋ, ಸೇತುವೆ ಬೀಳುತ್ತದೆ.
ಇಂಗ್ಲಿಷು ಹೀಗೇ ಮಕ್ಕಳೇ, ಸಾಧುವಾದ ಎರಡು ಪದ
ಜೊತೆಗೆ ನಿಂತವೆಂದರೆ ಯಾರ ಮಾತೂ ಕೇಳುವುದಿಲ್ಲ
ಎಂದು ಹಿಂದಿನ ಬೆಂಚಿನ ಕಡೆ ನೋಡಿದೆ. ನಕ್ಕರು.

ಮಡಿಕೇರಿಗೆ ಹೋದಾಗ ಕಂಡಿಲ್ಲವೇ,
ತಿರುವಿನಲ್ಲಿ ತಲೆಕೆಳಗಾದ ತ್ರಿಕೋನ?
ಅದೂ ಇದೇ ಮಾತು, ಎದುರಿನವರಿಗೆ ದಾರಿ ಬಿಡಿ ಎಂದು.
ಮಂಜಿನಲ್ಲಿ ಯಾರಿಗೂ ಕಾಣುವುದಿಲ್ಲ ಮಿಸ್,
ಕಂಡರೂ ಜೀಪಿನವರು ಬಿಡುವುದಿಲ್ಲ, ಎಂದಳು ಚೋಂದಮ್ಮ.
ಅವಳಪ್ಪನದೇ ಜೀಪು.

ಸರಿ, ಯಾವುದೆಲ್ಲ ಗಿವ್ ವೇ ಆಗುತ್ತದೆ?
ಭಾರ ತಾಳದ್ದು. ಏಣಿ. ಅಟ್ಟದ ಹಲಗೆ. ಕೆರೆಯ ಏರಿ.
ಕುರ್ಚಿ, ಎಂದ ಸಫ್ವಾನ್, ಹೆಡ್‌ಮಾಸ್ಟರ ಕೋಣೆಯತ್ತ ನೋಡುತ್ತ.
ಮಂಡಿ ಕೂಡ, ಎಂದೆ. ಸುದ್ದಿ ಕೇಳಿ
ನಿಂತಲ್ಲೇ ಕುಸಿಯುತ್ತಾರಲ್ಲ, ಅದು.
ಮೊಂಡು ಹಿಡಿದವರು ಕೊನೆಗೆ ಹೂಂ ಅನ್ನುವುದೂ.
ಒಂದೊಂದು ವಾಕ್ಯ ಬರೆಯಿರಿ, ಭೂತಕಾಲದಲ್ಲಿ.
ಗಿವ್, ಗೇವ್, ಗಿವನ್.

ಭೂತಕಾಲ ಎಂದಾಗ ಯಾರೂ ಕಿಟಕಿಯಾಚೆ ನೋಡಲಿಲ್ಲ.
ನಾನೇ ನೋಡಿದೆ.
ಎದುರು ಗುಡ್ಡದ ಮೇಲೆ ಆ ಆಗಸ್ಟಿನ ಸೀಳು.
ಈಗ ಕೆಂಪಿಲ್ಲ; ಹುಲ್ಲು, ಲಂಟಾನ, ನಡುವೆ ಎರಡು ಎಳೆಯ ಸಿಲ್ವರ್ ಮರ.
ಹೊಸಬರಿಗೆ ತೋರಿಸಿದರೆ ಎಲ್ಲಿ, ಎಲ್ಲಿ, ಎನ್ನುತ್ತಾರೆ.

ಸೆಲ್ವಿಯ ಅಜ್ಜಿಯ ಮಂಡಿ ಗೇವ್ ವೇ. ಸರಿ.
ಸಫ್ವಾನನ ಕುರ್ಚಿ ಗೇವ್ ವೇ. ಸ್ಪೆಲ್ಲಿಂಗ್ ತಪ್ಪು, ಅರ್ಥ ಸರಿ.
ಯತೀಶನದು ಮಾತ್ರ ಹೀಗಿತ್ತು: ದ ಹಿಲ್ ಗೇವ್ ಹ್ಯಾಂಡ್.
ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದೆ.
ಹ್ಯಾಂಡ್ ಅಲ್ಲ ಕಣೋ, ವೇ.

ಎದ್ದು ನಿಂತ. ಗುಡ್ಡ ಕೈಕೊಟ್ಟಿತು ಅಂತ, ಮಿಸ್.
ಮನೆಯಲ್ಲಿ ಹಾಗೇ ಅನ್ನೋದು.

ಹೌದಲ್ಲ.
ನಮ್ಮಲ್ಲಿ ಕುಸಿಯುವುದು ದಾರಿ ಕೊಡುವುದಿಲ್ಲ, ಕೈ ಕೊಡುತ್ತದೆ.
ಕರೆಂಟು ಕೈಕೊಡುತ್ತದೆ, ಪಂಪ್‌ಸೆಟ್ಟು, ಕರಿಮೆಣಸಿನ ರೇಟು,
ಒಪ್ಪಿಕೊಂಡು ಹೋದ ಗಂಡು.
ಇಪ್ಪತ್ತೆರಡು ವರ್ಷ ಈ ಪಾಠ ಮಾಡಿದ್ದೇನೆ,
ಒಮ್ಮೆಯೂ ಹೊಳೆದಿರಲಿಲ್ಲ.

ಅವನು ಇನ್ನೂ ನಿಂತೇ ಇದ್ದ.
ಆಮೇಲೆ ಉತ್ತಯ್ಯಜ್ಜ ಕೈ ಕೊಟ್ಟರು, ಮಿಸ್.
ಕೆಸರು ಇಲ್ಲಿವರೆಗೆ ಇತ್ತು, ಎಂದು ಎದೆ ಮುಟ್ಟಿ ತೋರಿಸಿದ.
ಈಗಿನ ಎದೆ. ಆಗ ಅವನಿಗೆ ಏಳು ವರ್ಷ.
ಅದಕ್ಕೂ ಇದೇ ಮಾತಲ್ಲವಾ?
ಇಂಗ್ಲಿಷಲ್ಲಿ ಎರಡನ್ನೂ ಬೇರೆ ಬೇರೆ ಬರೀಬೇಕಾ?

ಚೋಂದಮ್ಮ ಬ್ಯಾಗಿನೊಳಗೆ ತಲೆ ತೂರಿಸಿ ರಬ್ಬರ್ ಹುಡುಕುತ್ತಿದ್ದಳು.
ಅವಳ ಅಜ್ಜ ಅವರು. ಶಾಲೆಯಲ್ಲಿ ಆ ಹೆಸರು
ಯಾರೂ ಎತ್ತುವುದಿಲ್ಲ.

ಬೇರೆ ಬೇರೆ, ಎಂದೆ. ಕನ್ನಡದಲ್ಲೂ ಬೇರೆ.
ಕುಸಿದರೆ, ಮೋಸವಾದರೆ, ಕೂಡಿಸಿ ಬರೆಯಬೇಕು: ಕೈಕೊಟ್ಟಿತು.
ಹಿಡಿದೆತ್ತಿದರೆ ಬಿಡಿಸಿ: ಕೈ ಕೊಟ್ಟರು.
ನಡುವೆ ಒಂದು ಬೆರಳಿನಷ್ಟು ಜಾಗ.
ಒಂದನೇ ಕ್ಲಾಸಿನಲ್ಲಿ ಕಲಿಸಿದ್ದರಲ್ಲ,
ಪದ ಪದದ ನಡುವೆ ಬೆರಳಿಟ್ಟು ಬರೆಯೋದು.

ಒಂದೇ ಬೆರಳಾ, ಎಂದ.

ಬೆಲ್ಲು ಹೊಡೆಯಿತು.
ಸ್ಟಾಫ್ ರೂಮಿನಲ್ಲಿ ಅವನ ಹಾಳೆ ಮತ್ತೆ ತೆಗೆದೆ.
ಕೆಂಪು ಗೆರೆ, ಉಗುರಿನಿಂದ ಕೆರೆದರೆ ಕಾಗದವೇ ಹರಿಯುವ ಹಾಗಿತ್ತು.
ಪಕ್ಕದಲ್ಲಿ ಅರ್ಧ ಅಂಕ ಹಾಕಿದೆ,
ಅದನ್ನೂ ಹೊಡೆದು ಹಾಕಿ, ಒಂದು ಮಾಡಿದೆ.
ಇನ್ನೂ ಮೂವತ್ತೊಂದು ಹಾಳೆ ಬಾಕಿ.
ಕಿಟಕಿಯಿಂದ ಅದೇ ಹೂವಿನ ವಾಸನೆ.
ಈಗ ನನಗೂ ತಲೆನೋವು.