ಮೂರನೆಯ ಕಾಲಂ

ಡುಲೂತ್ ಲೈಬ್ರರಿಯ ನೆಲಮಾಳಿಗೆ, ಶನಿವಾರ.
ಬಿಟ್ಟಿಯಾಗಿ ತೆರಿಗೆ ಲೆಕ್ಕ ನೋಡಿಕೊಡುವ ಆಯ್ಲಿ ಒಯಾನೆನ್
ನನ್ನ ಮೂರು ವರ್ಷಗಳನ್ನು
ಇಸ್ಪೀಟೆಲೆಗಳ ಹಾಗೆ ಮೇಜಿನ ಮೇಲೆ ಹರಡಿ
ಕನ್ನಡಕ ಹಣೆಗೇರಿಸಿ ಕೇಳಿದರು:
"ಮದುವೆ ಆದದ್ದು ಯಾವಾಗ, ಟ್ವೈಲಾ?"

ಡಿಸೆಂಬರ್ ಇಪ್ಪತ್ತೊಂಬತ್ತು, ಬಟೂಮಿಯಲ್ಲಿ.
ಕಪ್ಪು ಸಮುದ್ರದ ಮೇಲೆ ಆಲಿಕಲ್ಲು ಬೀಳುತ್ತಿತ್ತು.
ಬೆಸಿಕನ ತಾಯಿ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು.
ಮಾತು ಒಂದೂ ತಿಳಿಯಲಿಲ್ಲ, ರೊಟ್ಟಿ ತಿಳಿಯಿತು.

"ಇಲ್ಲಿ ಒಂಟಿ ಎಂದಿದೆ."

ಬೇಳೆಕಾಳಿನಷ್ಟು ಚೌಕ. ಅದರೊಳಗೆ ನನ್ನದೇ ಗುರುತು.
ಫೆಬ್ರವರಿಯ ಒಂದು ನಡುರಾತ್ರಿ, ಕೆಫೆ ಗುಡಿಸಿ ಬಂದು,
ಹದಿನೇಳು ವರ್ಷ ಹಾಕಿದ ಹಾಗೇ ಹಾಕಿಬಿಟ್ಟಿದ್ದೆ;
ಮದುವೆಯ ಸುದ್ದಿ ಕೈಗಿನ್ನೂ ತಲುಪಿರಲಿಲ್ಲ.

"ಆ ವರ್ಷದಲ್ಲಿ ಮಿಕ್ಕಿದ್ದೇ ಎರಡು ದಿನ" ಅಂದೆ.
"ಕೊನೆಯ ದಿನ ಹೆಂಡತಿಯಾಗಿದ್ದರೆ
ವರ್ಷವಿಡೀ ಹೆಂಡತಿ. ಕಾನೂನು ಹಾಗೆ."

ಅಂದರೆ ಜನವರಿಯಲ್ಲಿ,
ಅವನೊಬ್ಬ ಇದ್ದಾನೆಂದೇ ತಿಳಿಯದೆ
ಬಾಗಿಲ ಮುಂದಿನ ಹಿಮ ಎತ್ತುತ್ತಿದ್ದಾಗಲೂ;
ಮೇ ತಿಂಗಳಲ್ಲಿ, ಗೋಧಿ ತುಂಬಲು ಬಂದ ಹಡಗಿನಿಂದಿಳಿದು
ಗ್ರೀಸು ಮೆತ್ತಿದ ಬೆರಳಲ್ಲಿ ನಾಣ್ಯ ಎಣಿಸುತ್ತಾ
ಸೂಪ್, ಸೂಪ್, ಸೂಪ್ ಎಂದು
ಬರುತ್ತಿದ್ದ ಒಂದೇ ಪದ ಮೂರು ಸಲ ಹೇಳಿದಾಗಲೂ
ನಾನು ಅವನ ಹೆಂಡತಿ!
ತೆರಿಗೆ ಇಲಾಖೆಗೆ ಗೊತ್ತಿತ್ತು. ತಡವಾದದ್ದು ನನಗೆ.

ಆಯ್ಲಿ ನಗಲಿಲ್ಲ. ಇನ್ನೊಂದು ಹಾಳೆ ಎಳೆದರು.
ಗಂಡನನ್ನು ನಾನು ಸಾಕುತ್ತೇನೆ,
ಸರಕಾರದ ತಲೆಗೆ ಕಟ್ಟುವುದಿಲ್ಲ
ಎಂದು ಬರೆದುಕೊಡಬೇಕಾದ ಮುಚ್ಚಳಿಕೆ.
ಎರಡು ಹೊಟ್ಟೆಗೆ ಇಷ್ಟು ಎಂದು ಒಂದು ಗೆರೆ ಇದೆ.
ನನ್ನ ವರಮಾನ ಆ ಗೆರೆಯಿಂದ
ಎರಡು ಸಾವಿರದ ಮುನ್ನೂರು ಡಾಲರ್ ಕೆಳಗೆ
ಮೊಣಕಾಲು ಅಪ್ಪಿಕೊಂಡು ಕೂತಿತ್ತು.

"ಬೇರೆಯವರೂ ಜಾಮೀನು ನಿಲ್ಲಬಹುದು. ಅಣ್ಣ, ತಮ್ಮ?"

ಅಣ್ಣ ಇದ್ದಾನೆ, ಗಾರ್ತ್.
ತನ್ನ ತೆರಿಗೆ ಕಾಗದ ಯಾರಿಗಾದರೂ ತೋರಿಸುವುದೆಂದರೆ
ಚಡ್ಡಿ ಬನಿಯನ್ನು ಬೀದಿಯಲ್ಲಿ ಒಣಗಹಾಕಿದ ಹಾಗೆ ಅವನಿಗೆ.
ಹಡಗಿನವನನ್ನು ನಂಬುತ್ತಾರೇನೇ, ಅಂದಿದ್ದ, ಒಮ್ಮೆ, ಮೆಲ್ಲಗೆ.

ಸುಮ್ಮನೆ ಕೂತೆ.
ಅಡುಗೆಮನೆಯ ಕಪಾಟು, ಓಟ್ಸ್ ಡಬ್ಬಿಯ ಹಿಂದೆ
ಉಪ್ಪಿನಕಾಯಿ ಜಾಡಿ. ಟಿಪ್ಸು.
ಬಟ್ಟಲಡಿ ಸಿಕ್ಕಿ ಒದ್ದೆಯಾದ ನೋಟುಗಳು,
ಯಾವ ಕಾಗದದಲ್ಲೂ ಹೆಸರಿಲ್ಲದ ದುಡ್ಡು.
ಬಟೂಮಿಯ ಟಿಕೆಟ್ಟು ಅದರದ್ದೇ, ಉಂಗುರವೂ.
ಇವಳು ಸಾಕಬಲ್ಲಳು ಎಂದು ಸಾಕ್ಷಿ ನುಡಿಯಬೇಕಾದದ್ದನ್ನು
ನಾನೇ ಮುಚ್ಚಳ ಬಿಗಿದು ಕತ್ತಲಲ್ಲಿಟ್ಟಿದ್ದೆ.
ಆದರೂ ಪ್ರತಿ ರಾತ್ರಿ ಕ್ಯಾಲೆಂಡರಿನ ಮೂಲೆಯಲ್ಲಿ
ಆ ದಿನದ ಮೊತ್ತ ಗೀಚುತ್ತಿದ್ದೆ. ಯಾಕೋ.

"ಆಯ್ಲಿ, ಹೇಳಿದ ಸುಳ್ಳು ತಿದ್ದಲು ಅರ್ಜಿ ಇದೆಯೇ?"

ಇದೆ. ಮೂರು ಕಾಲಂ.
ಮೊದಲನೆಯದು ಅಂದು ಹೇಳಿದ್ದು, ನಡುವಿನದು ವ್ಯತ್ಯಾಸ,
ಮೂರನೆಯದು ಸರಿಯಾದದ್ದು.
ತೆರಿಗೆ, ಬಡ್ಡಿ, ದಂಡ ಕೂಡಿ
ಆರುನೂರ ಹನ್ನೆರಡು ಡಾಲರ್. ಎರಡು ವಾರದ ಬಾಡಿಗೆ.
ಚೆಕ್ಕಿಗೆ ಸಹಿ ಹಾಕಿ ಒಮ್ಮೆ ಊದಿದೆ,
ಬಿಸಿ ಸೂಪಿಗೆ ಊದಿದ ಹಾಗೆ.

ಕೊನೆಯ ಪುಟ: ಬದಲಾವಣೆಗೆ ಕಾರಣ ವಿವರಿಸಿ.
ಕೆಳಗೆ ಖಾಲಿ ಜಾಗ.
ಪೆನ್ನು ನನ್ನ ಕಡೆ ತಳ್ಳಿ ಆಯ್ಲಿ ಕಾಫಿಗೆ ಎದ್ದರು.
ನೆಲಮಾಳಿಗೆಗೆ ಕಿಟಕಿಯಿಲ್ಲ. ಆದರೂ ಕೇಳಿಸಿತು:
ಹಿಮ ಒಡೆದ ಮೇಲಿನ ಮೊದಲ ಹಡಗು
ಸೇತುವೆ ಎತ್ತಿರಪ್ಪಾ ಎಂದು ಕೂಗಿದ್ದು,
ಒಂದು ಉದ್ದ, ಎರಡು ಗಿಡ್ಡ.

ಬರೆದೆ: ಒಂಟಿ ಎಂದಿದ್ದೆ. ಅಲ್ಲ.

ಆಯ್ಲಿ ಬಂದು, ಓದಿ, ಲೋಟ ಕೆಳಗಿಟ್ಟು,
"ಟಿಪ್ಸಿನದೂ ಬರಿ" ಅಂದರು.