ನಾಳೆ ಬಾ

ಆ ವರ್ಷ ಊರೆಲ್ಲಾ ಒಂದೇ ಮಾತು:
ರಾತ್ರಿ ಒಬ್ಬಾಕಿ ಬರ್ತಾಳ,
ನಿಮ್ಮವರ ದನಿಯೊಳಗೇ ಕರೀತಾಳ,
ಓ ಅಂದ್ರ ಮುಗೀತು.
ಎರಡೇ ಸಲ ಕರಿಯೋದು, ಮೂರನೇದು ಆಕಿಗೆ ಬರಂಗಿಲ್ಲ.
ನಮ್ಮತ್ತಿ ಕೆಮ್ಮಣ್ಣು ಕಲಸಿ
ಬಾಗಿಲ ಮ್ಯಾಲ ಬರೆದಳು: ನಾಳೆ ಬಾ.
ನಾ ಹೊಸಾ ಸೊಸಿ, ಸೆರಗು ಬಾಯಿಗಿಟ್ಟು ನಕ್ಕೆ:
ಓದು ಬರೋ ದೆವ್ವಕ್ಕ ಇಷ್ಟೂ ತಿಳಿಯಂಗಿಲ್ಲೇನು,
ನಿನ್ನಿ ಬಂದಾಗಲೂ ಇದನ್ನೇ ಓದಿದ್ದೆ ಅಂತ?

ಈಗ ಆ ಬಾಗಿಲಕ್ಕ ನೀಲಿ ಬಣ್ಣ.
ಶಹಾಬಜಾರದ ಈ ನಡುಮನಿಯೊಳಗ
ಫರಸಿಕಲ್ಲಿನ ಮ್ಯಾಲ ಒಂದು ಮೇಜು,
ಮೇಜಿನ ಮ್ಯಾಲ ಕಂಪ್ಯೂಟರ್,
ಅದರ ಬೆನ್ನಿಗೆ ಕೂಲರ್.
ಮೂರು ದಾಲ್ ಮಿಲ್ಲಿನ ಲೆಕ್ಕ ನನ್ನ ಕೈಯಾಗ:
ಎಷ್ಟು ಚೀಲ ತೊಗರಿ ಬಂತು,
ಎಷ್ಟು ಬ್ಯಾಳಿ, ಎಷ್ಟು ಹೊಟ್ಟು, ಯಾರದು ಬಾಕಿ.

ದಿನಾ ಸಂಜೀಕ ಪರದೆಯ ಮೂಲಿಯೊಳಗ
ಸಣ್ಣದೊಂದು ಚೌಕ ಮೂಡ್ತಿತ್ತು,
ಮೆತ್ತಗ, ಹಳೇ ಕಾವಲುಗಾರ ಕೆಮ್ಮಿದಂಗ:
ಅಪ್‌ಡೇಟ್ ಬಂದದ. ಈಗೋ? ನಾಳೆಯೋ?
ರೊಟ್ಟಿ ಬಡೀಬೇಕು, ಮಿಲ್ಲಿನವರ ಫೋನು,
ನಾ ನಾಳೆ ಒತ್ತಿದೆ.
ಮರುದಿನಾನೂ.
ಶ್ರಾವಣದಾಗ ಶುರುವಾದ ನಾಳೆ
ಎಳ್ಳಮಾಸಿ ದಾಟಿ, ಯುಗಾದಿ ದಾಟಿತು.

ಆಕಿ ಬಂದದ್ದು ರಾತ್ರಿ ಅಲ್ಲ.
ನಡುಹಗಲು. ಲೈಟಿತ್ತು. ನಾ ಎಚ್ಚರಿದ್ದೆ.
ಗುರುಪಾದಪ್ಪ ಸಾವಕಾರರ ಹೆಸರಿಂದ ಒಂದು ಮೇಲ್:
"ಅಕ್ಕಾರ, ಬಿಲ್ಲು ಕಳಿಸೀನಿ, ಜಲ್ದಿ ನೋಡ್ರಿ."
ಅಕ್ಕಾರ ಅಂತ ಕರಿಯೋರು ಅವರೊಬ್ಬರೇ.
ಅವರ ಹಳೇ ಪತ್ರದಿಂದ ಕದ್ದ ದನಿ ಅದು ಅಂತ
ನನಗ ಹ್ಯಾಂಗ ತಿಳೀಬೇಕು?
ನಾ ಓ ಅಂದೆ. ಒಂದೇ ಒತ್ತು.

ಮೊದಲು ತೊಗರಿ ಲೆಕ್ಕದ ಹೆಸರು ಕೆಟ್ಟವು,
ಆಮ್ಯಾಲ ಬಾಕಿ ಪಟ್ಟಿ,
ಆಮ್ಯಾಲ ಮಮ್ಮಗಳ ಜಾವಳದ ಫೋಟೋ,
ಒಂದೊಂದಾಗಿ, ಓಣಿಯ ದೀಪ ಆರಿದಂಗ.
ಕಡೀಕ ಕೆಂಪು ಅಕ್ಷರದಾಗ:
ಕೀಲಿ ನಮ್ಮ ಹತ್ರ ಅದ. ರೊಕ್ಕ ಹಾಕು.
ಅತ್ತಿಯ ಕೆಮ್ಮಣ್ಣಿನಷ್ಟೇ ಕೆಂಪು.

ಸೂಪರ್ ಮಾರ್ಕೆಟ್ಟಿನಿಂದ ವಜಾಹತ್ ಬಂದ.
ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತ.
ಕೊಟ್ಟ ಚಹಾ ಆರಿ ಕೆನಿ ಕಟ್ಟಿತು.
"ರೊಕ್ಕ ಹಾಕಬ್ಯಾಡ್ರಿ ಅಮ್ಮಾರ,
ಕಳ್ಳನ ಮಾತಿಗೆ ಜಾಮೀನು ಯಾರು?
ಕಾಪಿ ಎಲ್ಲಿ ಇಟ್ಟೀರಿ?"
"ಇದರಾಗೇ."
ಆತ ಏನೂ ಅನ್ನಲಿಲ್ಲ. ಕೀಬೋರ್ಡ್ ಎತ್ತಿದ.
ಕೆಳಗ ಚೀಟಿ, ನನ್ನದೇ ಕೈಬರಹ:
ಮಮ್ಮಗಳ ಹೆಸರು, ಒಂದು ಎರಡು ಮೂರು.
ನಾ ಕೂಲರಿನ ಕಡೆ ನೋಡಿದೆ.

ಆಗ ಅತ್ತಿ ಎದ್ದಳು ಗ್ವಾಡಿ ಹಿಡಕೊಂತ.
ಬೀಜದ ಜ್ವಾಳದ ಗಡಿಗ್ಯಾಗ ಮೊಣಕೈ ತನಕಾ ಕೈ ಹಾಕಿ
ಬೂದಿ ಒರಸಿ ತಂದಳು: ಪೆನ್ ಡ್ರೈವ್.
"ದೀಪಾವಳಿಗೆ ಖಾತೆ ಪೂಜಿ ಮಾಡಿ
ಜಗಲಿ ಮ್ಯಾಲೇ ಮರೆತಿದ್ದಿ.
ಉಣ್ಣೋ ಕಾಳು, ಬಿತ್ತೋ ಕಾಳು
ಒಂದೇ ಗಡಿಗ್ಯಾಗ ಯಾರರೆ ಇಡ್ತಾರೇನು?"
ದೀಪಾವಳಿ ತನಕದ ಲೆಕ್ಕ ಬದುಕಿತು.
ಜಾವಳದ ಮುಂಜಾನಿ,
ಆ ನುಣ್ಣನೆ ತಲಿಮ್ಯಾಲ ಹಚ್ಚಿದ ಗಂಧ,
ಬರಲಿಲ್ಲ.

ವಜಾಹತ್ ಎಲ್ಲಾ ಅಳಿಸಿ ಹೊಸದಾಗಿ ಕಟ್ಟಿಕೊಟ್ಟ.
ಹೋಗುವಾಗ ಚಪ್ಪಲಿ ಮೆಟ್ಟಿಕೊಂತ ಅಂದ:
"ಸಾವಕಾರರ ಹೆಸರು ಬಂದ್ರ
ಸಾವಕಾರರಿಗೇ ಫೋನ್ ಹಚ್ಚಿ ಕೇಳ್ರಿ.
ಪಾಸ್‌ವರ್ಡ್ ಉದ್ದಿರಲಿ, ಮನಿಯವರ ಹೆಸರು ಬ್ಯಾಡ."
ಉದ್ದನೆಯದೇ ಇಟ್ಟೀನಿ.
ಏನಂತ ಈ ಪದ್ಯಕ್ಕೂ ಹೇಳಂಗಿಲ್ಲ.

ಈ ರಾತ್ರಿ ಚೌಕ ಮತ್ತ ಮೂಡಿತು: ಈಗೋ? ನಾಳೆಯೋ?
ಈಗ.
ಪರದೆ ಕಪ್ಪಾತು. ಶೇಕಡಾ ಹನ್ನೊಂದು, ಹನ್ನೆರಡು,
ಹನ್ನೆರಡರಾಗೇ ನಿಂತಿತು,
ಅಷ್ಟರಾಗ ಬಾಗಿಲು ಬಡಿದ ಸಪ್ಪಳ.
"ಯಾರು?"
"ನಾನು."
"ನಾನು ಅಂದ್ರ?"
ಹೊರಗ ಮೂವತ್ತು ವರ್ಷದ ಗಂಡ,
ಬಗಲಾಗ ಕಲ್ಲಂಗಡಿ, ಮೈಯೆಲ್ಲಾ ಬೆವರು.
ಜರಾ ಹೊತ್ತು ಮಾತಿಲ್ಲ.
"ನಾನಂದ್ರ... ನಾನೇ."
ಹೊರಸಿನ ಮ್ಯಾಲಿಂದ ಅತ್ತಿ, ತನ್ನ ಮಗನಿಗೇ:
"ಇನ್ನೊಂದು ಸಲ ಕರಿ."